ದಿಲ್ಲಿಯ 28 ಸಾವಿರ ಕಿ.ಮೀ. ಕಾರೋ, ಬೆಂಗಳೂರಿನ 52 ಸಾವಿರದ್ದೋ?

ಪ್ರಶ್ನೆ: ನಮ್ಮದು ಗಂಗಾವತಿ, ರೈಸ್ ಮಿಲ್ ವ್ಯವಹಾರ. ಒಂದು ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂಬ ಆಸೆ ಬಹಳ ವರ್ಷದ್ದು. ಆನ್‌ಲೈನ್‌ನಲ್ಲಿ ಎರಡು ಆಡಿ ಟಿಟಿ ನೋಡಿಟ್ಟಿದ್ದೇನೆ. ಎರಡೂ 2016ರ ಪೆಟ್ರೋಲ್ ಗಾಡಿಗಳು. ಮೊದಲನೆಯದು ದಿಲ್ಲಿಯದು: 28,000 ಕಿ.ಮೀ., ಫಸ್ಟ್ ಓನರ್, 21 ಲಕ್ಷ. ಫೋಟೋಗಳಲ್ಲಿ ನಂಬರ್ ಪ್ಲೇಟ್ ಮುಚ್ಚಿದ್ದಾರೆ. ಸರ್ವಿಸ್ ದಾಖಲೆ 2018ರವರೆಗೆ ಮಾತ್ರ ಇದೆ, ಆಗ 24,600 ಕಿ.ಮೀ. ಆಗಿತ್ತು. 'ಆಮೇಲೆ ಗಾಡಿ ಓಡಿಸಿಯೇ ಇಲ್ಲ, ಅದಕ್ಕೇ ಸರ್ವಿಸ್ ಮಾಡಿಸಿಲ್ಲ. ದಿಲ್ಲಿಯಲ್ಲಿ ಹತ್ತು ವರ್ಷದ ರೂಲ್ ಇರೋದರಿಂದ ಕಡಿಮೆಗೆ ಕೊಡ್ತಿದ್ದೇವೆ' ಎನ್ನುತ್ತಾರೆ. ಇವತ್ತೇ 50,000 ಟೋಕನ್ ಹಾಕಬೇಕಂತೆ. ನನ್ನ ತಮ್ಮ ಆಗಲೇ ಯುಪಿಐನಲ್ಲಿ 5,000 ಕಳಿಸಿಬಿಟ್ಟಿದ್ದಾನೆ. ಎರಡನೆಯದು ಬೆಂಗಳೂರಿನ ಕೆಎ-05 ಗಾಡಿ: 52,000 ಕಿ.ಮೀ., ಸೆಕೆಂಡ್ ಓನರ್, 27 ಲಕ್ಷ. ಮುಂದಿನ ಬಂಪರ್, ಎಡಗಡೆ ಬಾಗಿಲು ಪೇಂಟ್ ಆಗಿವೆ ಎಂದು ಅವರೇ ಹೇಳಿದರು. ನಮ್ಮ ಸೋದರಮಾವ 'ದಿಲ್ಲಿ ಗಾಡಿ ಚಲೋ ಇರ್ತಾವ, ಸುಮ್ಮನ ತಗೋ' ಅಂತಾರೆ. ಮಾರುವ ಇಬ್ಬರಲ್ಲಿ ಯಾರ ಮಾತು ನಂಬಬೇಕು?

ಉತ್ತರ: ಆರು ಲಕ್ಷ ಉಳಿಯುತ್ತದೆ ಎಂಬ ಆಸೆ, ಜೊತೆಗೆ ಎಲ್ಲೋ ಮೋಸ ಇರಬಹುದೆಂಬ ಅನುಮಾನ. ನಿಮ್ಮ ಪತ್ರದಲ್ಲಿ ಎರಡೂ ಇವೆ, ಅನುಮಾನಕ್ಕೆ ಆಧಾರವೂ ಇದೆ. ಆದರೆ ಫೋನಿನಲ್ಲಿ ಮಾತಾಡುವ ರೀತಿ, ವಿಡಿಯೋ ಕಾಲ್‌ನಲ್ಲಿ ಕಾಣುವ ಮನೆ, ವಿನಯ, ಇಂಗ್ಲಿಷು, ಇವುಗಳಿಂದ ಯಾರ ಪ್ರಾಮಾಣಿಕತೆಯನ್ನೂ ಅಳೆಯಲಾಗದು. ಅವರು ಹೇಳಿದ ಒಂದೊಂದು ಮಾತನ್ನೂ ಅವರ ಕೈಯಲ್ಲಿಲ್ಲದ ದಾಖಲೆಗೆ ಹೋಲಿಸಿ ನೋಡಬೇಕು: ಸಾರಿಗೆ ಇಲಾಖೆಯದು, ವಿಮಾ ಕಂಪನಿಯದು, ಸರ್ವಿಸ್ ಸೆಂಟರಿನದು, ಗಾಡಿಯ ಕಂಪ್ಯೂಟರಿನದು. ಹಾಗೆ ನೋಡಲು ಮಾರುವವರು ನೆರವಾಗುತ್ತಾರೋ ಅಡ್ಡ ಬರುತ್ತಾರೋ ಎಂಬುದನ್ನು ಗಮನಿಸಿ. ಆನ್‌ಲೈನ್ ವ್ಯವಹಾರದಲ್ಲಿ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ದಿಲ್ಲಿಯ 'ಹತ್ತು ವರ್ಷದ ರೂಲ್' ಡೀಸೆಲ್ ಗಾಡಿಗಳದ್ದು. ಪೆಟ್ರೋಲಿಗೆ ಅಲ್ಲಿ ಇಟ್ಟಿರುವ ಮಿತಿ 15 ವರ್ಷ. 2016ರ ಪೆಟ್ರೋಲ್ ಟಿಟಿಗೆ ಆ ನಿಯಮದ ಲೆಕ್ಕದಲ್ಲೇ 2031ರವರೆಗೆ ಕಾಲ ಇದೆ. ಹಾಗಾಗಿ ಬೆಲೆ ಇಳಿದಿರುವುದಕ್ಕೆ ಅವರು ಕೊಟ್ಟ ಕಾರಣ ನಿಲ್ಲುವುದಿಲ್ಲ. ನಿಜವಾದ ಕಾರಣ ಬೇರೆ ಇದೆ, ಅದನ್ನು ನಿಮಗೆ ಹೇಳುತ್ತಿಲ್ಲ.

'ಓಡಿಸಿಯೇ ಇಲ್ಲ, ಅದಕ್ಕೇ ಸರ್ವಿಸ್ ಇಲ್ಲ' ಎಂಬ ಮಾತು ಇದಕ್ಕಿಂತ ಮುಖ್ಯ. ಅದು ಸುಳ್ಳಾಗಿದ್ದರೆ ಗಾಡಿ ಹೊರಗಿನ ಗ್ಯಾರೇಜುಗಳಲ್ಲಿ ಓಡಿಕೊಂಡು, ಕೊನೆಗೆ ಮೀಟರ್ ತಿರುಗಿಸಿಕೊಂಡಿದೆ ಎಂದರ್ಥ. ನಿಜವಾಗಿದ್ದರೂ ಗಾಡಿ ಒಳ್ಳೆಯದಾಗುವುದಿಲ್ಲ. ಎಂಜಿನ್ ಆಯಿಲನ್ನು ಕಿ.ಮೀ. ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಟಿಟಿ ಕ್ವಾಟ್ರೋದಲ್ಲಿ, ಅಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಮಾದರಿಯಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹಾಲ್ಡೆಕ್ಸ್ ಕ್ಲಚ್ಚಿಗೆ ಅದರದೇ ಆಯಿಲ್ ಇದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಟ್ಯಾಂಕಿನ ಪೆಟ್ರೋಲ್ ಕೆಡುತ್ತದೆ, ಬ್ಯಾಟರಿ ಸತ್ತಿರುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗಿ ಗಟ್ಟಿಯಾಗುತ್ತದೆ. ಮಾತು ನಿಜವಾದರೆ ಖರ್ಚು, ಸುಳ್ಳಾದರೆ ಮೋಸ. ನಿಮಗೆ ನಷ್ಟ ಎರಡರಲ್ಲೂ ಇದೆ.

ಮುಚ್ಚಿದ ನಂಬರ್ ಪ್ಲೇಟ್ ಒಂದನ್ನೇ ಹಿಡಿದು ಯಾರನ್ನೂ ಕಳ್ಳರೆನ್ನಬೇಡಿ. ಖಾಸಗಿತನಕ್ಕಾಗಿ ಜಾಹೀರಾತಿನಲ್ಲಿ ಮುಚ್ಚುವವರು ಬಹಳ. ಆದರೆ ಕೊಳ್ಳುವ ಮನಸ್ಸಿದೆ ಎಂದು ನೀವು ತಿಳಿಸಿದ ಮೇಲೂ ನಂಬರ್ ಕೊಡದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. 'ಇವತ್ತೇ ಟೋಕನ್' ಎಂಬುದಕ್ಕೂ ಅದೇ ಉತ್ತರ. ಹತ್ತು ವರ್ಷ ಹಳೆಯ, ಎರಡೇ ಬಾಗಿಲಿನ, ನೆಲಕ್ಕೆ ಹತ್ತಿರವಾದ ಕಾರಿಗೆ ಗಿರಾಕಿಗಳು ಸಾಲು ನಿಂತಿರುವುದಿಲ್ಲ. ನೀವು ಪರಿಶೀಲಿಸಲು ಸಮಯ ಸಿಗಬಾರದೆಂದೇ ಈ ಅವಸರ.

ದಿಲ್ಲಿ ಗಾಡಿ ಚಲೋ ಎಂಬ ನಿಮ್ಮ ಮಾವನವರ ಮಾತಿಗೆ ಒಂದು ಆಧಾರ ಇದ್ದೇ ಇದೆ. ಅಲ್ಲಿ ಇಂಥ ಗಾಡಿಗಳು ಹೆಚ್ಚು, ಆಯ್ಕೆ ಹೆಚ್ಚು, ಬೆಲೆ ಕಡಿಮೆ. ಆದರೆ ಆ 21 ಲಕ್ಷ ನಿಮ್ಮ ಕೊಪ್ಪಳ ಜಿಲ್ಲೆಗೆ ಬರುವಷ್ಟರಲ್ಲಿ 21 ಆಗಿ ಉಳಿಯುವುದಿಲ್ಲ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಅದು ಬೆಲೆಯ ಶೇ 18. ಹಳೆಯ ಗಾಡಿಗೆ ವಯಸ್ಸಿಗೆ ತಕ್ಕಂತೆ ತಗ್ಗುತ್ತದೆ. ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ 21 ಲಕ್ಷದ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಈ ಟಿಟಿ 2015ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ ಸುಮಾರು 60 ಲಕ್ಷ ಇತ್ತು. ಆದ್ದರಿಂದ ಇಷ್ಟು ಹಳೆಯ ಗಾಡಿಗೂ ತೆರಿಗೆ ಲಕ್ಷಗಳಲ್ಲೇ ಬರುತ್ತದೆ. ಖಚಿತ ಮೊತ್ತವನ್ನು ಕೊಪ್ಪಳ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಪ್ರತಿ, ಇನ್‌ವಾಯ್ಸ್ ಪ್ರತಿ ತೋರಿಸಿ ಮೊದಲೇ ಕೇಳಿಕೊಳ್ಳಿ. ಟ್ರಕ್ಕಿನಲ್ಲಿ ತರಿಸುವ ಬಾಡಿಗೆಯನ್ನೂ ಸೇರಿಸಿದರೆ ಎರಡು ಕಾರುಗಳ ನಡುವಿನ ಆರು ಲಕ್ಷದ ಅಂತರ ಬಹುಮಟ್ಟಿಗೆ ಕರಗುತ್ತದೆ. 'ತೆರಿಗೆ ಬೇಡ, ಹಾಗೇ ಓಡಿಸಿ' ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಹೀಗೆ ತೆರಿಗೆ ಕಟ್ಟದೆ ಓಡುತ್ತಿದ್ದ ಐಷಾರಾಮಿ ಕಾರುಗಳನ್ನು ಹಿಡಿದು ಜಪ್ತಿ ಮಾಡಿತ್ತು.

ಇನ್ನು ಬೆಂಗಳೂರಿನವರು. ತಪ್ಪನ್ನು ತಾವೇ ಹೇಳಿಕೊಂಡರೆಂದು ಅವರ ಮೇಲೆ ನಿಮಗೆ ಮನಸ್ಸು ಒಲಿದಿದೆ. ಒಲಿಯಲಿ, ಆದರೆ ಒಂದು ಸಂಗತಿ ನೆನಪಿರಲಿ: ದೊಡ್ಡದನ್ನು ಮರೆಸಲು ಸಣ್ಣದನ್ನು ಒಪ್ಪಿಕೊಳ್ಳುವುದು ಹಳೆಯ ಗಾಡಿ ವ್ಯಾಪಾರದ ಪರಿಚಿತ ತಂತ್ರ. ಜೊತೆಗೆ ಅವರು ಎರಡನೆಯ ಮಾಲೀಕರು. ಮೊದಲನೆಯವರ ಕಾಲದಲ್ಲಿ ಏನಾಯಿತೆಂಬುದು ಅವರಿಗೇ ಗೊತ್ತಿಲ್ಲದಿರಬಹುದು. ಮನುಷ್ಯ ಪ್ರಾಮಾಣಿಕ, ಗಾಡಿ ಮಾತ್ರ ಕೆಟ್ಟದ್ದು ಎಂಬ ಪ್ರಕರಣ ಅಪರೂಪವೇನಲ್ಲ. ಆದ್ದರಿಂದ ಕೆಳಗಿನ ತಪಾಸಣೆಯನ್ನು ಎರಡೂ ಗಾಡಿಗೆ ಒಂದೇ ಬಿಗಿಯಲ್ಲಿ ಮಾಡಿ.

ಮನೆಯಲ್ಲಿ ಕುಳಿತೇ ಮಾಡಬಹುದಾದದ್ದು

ನಂಬರ್ ಸಿಕ್ಕ ಕೂಡಲೇ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ನೋಂದಣಿ ದಿನಾಂಕ, ಎಷ್ಟನೇ ಮಾಲೀಕ, ವಿಮೆ ಎಲ್ಲಿಯವರೆಗೆ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ಉಳಿದಿದೆಯೇ, ಗಾಡಿ ಬ್ಲ್ಯಾಕ್‌ಲಿಸ್ಟ್ ಆಗಿದೆಯೇ, ಎಲ್ಲವನ್ನೂ ನೋಡಿ. ಇ-ಚಲನ್ ತಾಣದಲ್ಲಿ ಬಾಕಿ ದಂಡಗಳನ್ನೂ ನೋಡಿ, ಅದರಲ್ಲಿ ಇನ್ನೊಂದು ಉಪಯೋಗವಿದೆ. 'ಓಡಿಸಿಯೇ ಇಲ್ಲ' ಎಂದ ಗಾಡಿಗೆ 2021ರಲ್ಲೋ 2023ರಲ್ಲೋ ಅತಿವೇಗದ ದಂಡ ಬಿದ್ದಿದ್ದರೆ ಆ ಮಾತು ಅಲ್ಲೇ ಮುಗಿಯಿತು. ಫಾಸ್ಟ್ಯಾಗ್ ಖಾತೆಯ ವಿವರವನ್ನೂ ಕೇಳಿ, ಟೋಲ್ ದಾಟಿದ ದಿನಾಂಕಗಳು ಅದರಲ್ಲಿರುತ್ತವೆ. ಕದ್ದ ಗಾಡಿಯೇ ಎಂದು ತಿಳಿಯಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ್ ಸಮನ್ವಯ' ಸೇವೆಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್ ಕೊಟ್ಟು ಹುಡುಕಬಹುದು.

ಚಾಸಿ ನಂಬರ್ 17 ಅಕ್ಷರ-ಅಂಕಿಗಳದ್ದು. ಟಿಟಿ ತಯಾರಾಗುತ್ತಿದ್ದುದು ಹಂಗೇರಿಯ ಗ್ಯೋರ್ ಕಾರ್ಖಾನೆಯಲ್ಲಿ, ಹಾಗಾಗಿ ಅದರ ಚಾಸಿ ನಂಬರ್ 'ಟಿಆರ್‌ಯು' ಎಂದು ಶುರುವಾಗುತ್ತದೆ. ಹತ್ತನೆಯ ಸ್ಥಾನದ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ: ಎಫ್ ಎಂದರೆ 2015, ಜಿ ಎಂದರೆ 2016, ಎಚ್ ಎಂದರೆ 2017. ಆರ್‌ಸಿಯಲ್ಲಿರುವುದು, ಮುಂದಿನ ಗಾಜಿನ ಕೆಳಗೆ ಕಾಣುವುದು, ಗಾಡಿಯ ಕಂಪ್ಯೂಟರಿನಲ್ಲಿರುವುದು ಮೂರೂ ಒಂದೇ ಆಗಿರಬೇಕು. ಆಮದಾದ ಗಾಡಿಗಳಲ್ಲಿ ಇದನ್ನು ಸಡಿಲ ಬಿಡಬೇಡಿ. ಭೂತಾನ್ ಮೂಲಕ ಸುಂಕ ತಪ್ಪಿಸಿ ತಂದು, ನಕಲಿ ಕಾಗದಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿದ ಶಂಕೆಯ ಮೇಲೆ ಕಸ್ಟಮ್ಸ್ ಇಲಾಖೆ 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ 'ನುಮ್‌ಖೋರ್' ಹೆಸರಿನ ಕಾರ್ಯಾಚರಣೆಯಲ್ಲಿ ಹಲವು ಐಷಾರಾಮಿ ಗಾಡಿಗಳನ್ನು ವಶಕ್ಕೆ ತೆಗೆದುಕೊಂಡಿತು. ಅಂಥದ್ದನ್ನು ಹಣ ಕೊಟ್ಟು ಕೊಂಡವರ ಕೈಯಿಂದಲೂ ಗಾಡಿ ಹೋಗುತ್ತದೆ. ಅಧಿಕೃತ ಡೀಲರ್ ಕೊಟ್ಟ ಮೂಲ ಇನ್‌ವಾಯ್ಸ್ ಇದ್ದರೆ ಈ ಚಿಂತೆ ಬಹುಪಾಲು ತೀರುತ್ತದೆ.

ವಿಮಾ ಪಾಲಿಸಿಯ ಪೂರ್ತಿ ಪ್ರತಿ ತರಿಸಿಕೊಳ್ಳಿ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಅದರಲ್ಲಿ 'ನೋ ಕ್ಲೇಮ್ ಬೋನಸ್' ಎಂಬ ಸಾಲು ಇರುತ್ತದೆ. ಕ್ಲೇಮ್ ಇಲ್ಲದ ವರ್ಷಗಳು ಒಂದರಿಂದ ಐದಾದಂತೆ ಅದು ಶೇ 20, 25, 35, 45, 50 ಎಂದು ಏರುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ಮೊದಲ ಮಾಲೀಕರದೇ ಗಾಡಿ, ಒಂದು ಗೀರೂ ಬಿದ್ದಿಲ್ಲ ಎನ್ನುವವರ ಪಾಲಿಸಿಯಲ್ಲಿ ಸೊನ್ನೆಯೋ ಶೇ 20ರೋ ಇದ್ದರೆ ಕಾರಣ ಕೇಳಿ. ಉಲ್ಟಾ ಹೇಳಲಾಗದು: ಬೋನಸ್ ಉಳಿಸಿಕೊಳ್ಳುವ ಆಡ್-ಆನ್ ಸಿಗುತ್ತದೆ, ಬೋನಸ್ಸು ಗಾಡಿಗಲ್ಲ ಮಾಲೀಕರಿಗೆ ಸೇರಿದ್ದರಿಂದ ಹಳೆಯ ಕಾರಿನಿಂದ ಇದಕ್ಕೆ ಬಂದಿರಲೂಬಹುದು. ಆದ್ದರಿಂದ ಶೇ 50 ನೋಡಿ ಅಪಘಾತವೇ ಆಗಿಲ್ಲ ಎಂದುಕೊಳ್ಳಬೇಡಿ. ನಡುವೆ ವರ್ಷಗಟ್ಟಲೆ ವಿಮೆಯೇ ಇಲ್ಲದ ಖಾಲಿ ಜಾಗ ಕಂಡರೆ ಟೋಟಲ್ ಲಾಸ್ ಅನುಮಾನ ಪಡಿ. ದುರಸ್ತಿಯ ಖರ್ಚು ವಿಮಾ ಮೌಲ್ಯದ ಶೇ 75 ದಾಟಿದರೆ ಕಂಪನಿ ಗಾಡಿಯನ್ನು ಟೋಟಲ್ ಲಾಸ್ ಎಂದು ತೀರ್ಮಾನಿಸುತ್ತದೆ. ಅಂಥವು ಹರಾಜಿನಲ್ಲಿ ಹೋಗಿ, ದುರಸ್ತಿಯಾಗಿ, ಮತ್ತೆ ಜಾಹೀರಾತಿಗೆ ಬರುತ್ತವೆ.

ಸರ್ವಿಸ್ ಇತಿಹಾಸವನ್ನು ಮಾರುವವರು ಕಳಿಸಿದ ಪಿಡಿಎಫ್‌ನಲ್ಲಿ ನಂಬಬೇಡಿ. ಅಧಿಕೃತ ಸರ್ವಿಸ್ ಸೆಂಟರಿಗೆ ಮಾಲೀಕರೇ ಇಮೇಲ್ ಬರೆದು, ನಿಮಗೂ ಪ್ರತಿ ಕಳಿಸುವಂತೆ ಕೇಳಲಿ. ಅಪರಿಚಿತರಿಗೆ ಅವರು ಮಾಹಿತಿ ಕೊಡಲು ಹಿಂಜರಿಯಬಹುದು, ಮಾಲೀಕರು ಕೇಳಿದರೆ ತೊಂದರೆ ಇಲ್ಲ. ಸರ್ವಿಸ್ ಜೊತೆಗೆ ಬಾಡಿ ಶಾಪ್ ಬಿಲ್ಲುಗಳನ್ನೂ ಕೇಳಿ. ಬೆಂಗಳೂರಿನವರು ಹೇಳಿದ ಬಂಪರ್, ಬಾಗಿಲು ಎರಡೇ ಆಗಿತ್ತೋ, ಅದೇ ಬಿಲ್ಲಿನಲ್ಲಿ ರೇಡಿಯೇಟರ್, ಹೆಡ್‌ಲೈಟ್, ಏರ್‌ಬ್ಯಾಗ್ ಕೂಡ ಇದ್ದವೋ ಎಂಬುದು ಅಲ್ಲಿ ಬಯಲಾಗುತ್ತದೆ.

ಕೊನೆಯದಾಗಿ ಒಂದು ವಿಡಿಯೋ ಕೇಳಿ. ಎಲ್ಲೂ ಕತ್ತರಿಸದ, ಒಂದೇ ಓಟದ ಚಿತ್ರೀಕರಣ ಬೇಕು: ನಂಬರ್ ಪ್ಲೇಟಿನಿಂದ ಶುರು, ಗಾಜಿನ ಕೆಳಗಿನ ಚಾಸಿ ನಂಬರ್, ನಾಲ್ಕೂ ಟೈರುಗಳ ತಯಾರಿ ಸಂಕೇತ, ಒಳಗೆ ಮೀಟರ್, ಆಮೇಲೆ ತಣ್ಣಗಿರುವ ಎಂಜಿನ್ ಸ್ಟಾರ್ಟ್. ಟೈರಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರ. ಮೀಟರ್ ಓದುವಾಗ ಇದು ಸುಳಿವು ಕೊಡುತ್ತದೆ. 2019ರ ಟೈರು ಗಾಡಿಯಲ್ಲಿದೆ ಎಂದರೆ ಆ ವರ್ಷವೋ ಆಮೇಲೋ ಯಾರೋ ಹೊಸ ಟೈರು ಹಾಕಿಸಿದ್ದಾರೆ. 2018ರಿಂದ ನಿಂತೇ ಇದ್ದ ಗಾಡಿಗೆ ಅದು ಯಾಕೆ ಬೇಕಾಯಿತು?

ಎದುರಿಗೆ ನಿಂತು ನೋಡುವಾಗ

ಕಾಗದದ ಹಂತ ದಾಟಿದ ಗಾಡಿಯನ್ನು ಮಾತ್ರ ನೋಡಲು ಹೋಗಿ, ಅಧಿಕೃತ ಸರ್ವಿಸ್ ಸೆಂಟರಿನಲ್ಲೋ ಜರ್ಮನ್ ಗಾಡಿಗಳ ಅನುಭವವಿರುವ ಗ್ಯಾರೇಜಿನಲ್ಲೋ ಹಣ ಕೊಟ್ಟು ತಪಾಸಣೆ ಮಾಡಿಸಿ. ಮಾರುವವರು ತೋರಿಸಿದ ಗ್ಯಾರೇಜ್ ಬೇಡ, ನೀವೇ ಆರಿಸಿ. ಕೆಲವು ಸಾವಿರದ ಖರ್ಚು ಅಷ್ಟೇ.

ನಮ್ಮ ಕಡೆ ಹಳೆಯ ಗಾಡಿ ನೋಡಲು ಹೋಗುವವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತಾರೆ. ಅಂಟದಿದ್ದರೆ ಒಳಗೆ ಪುಟ್ಟಿ ಇದೆ ಎಂದು ಲೆಕ್ಕ. ಟಿಟಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅದರ ಹೊರಮೈ ಹೆಚ್ಚಿನಂಶ ಅಲ್ಯೂಮಿನಿಯಂ. ಆ ಭಾಗಗಳಿಗೆ ಅಯಸ್ಕಾಂತ ಅಂಟುವುದೇ ಇಲ್ಲ. ಪೇಂಟಿನ ದಪ್ಪ ಅಳೆಯುವ ಮೀಟರ್ ಕೂಡ ಅಲ್ಯೂಮಿನಿಯಂ ಓದುವಂಥದ್ದೇ ಆಗಿರಬೇಕು, ಕಬ್ಬಿಣಕ್ಕೆ ಮಾತ್ರ ಇರುವ ಅಗ್ಗದ ಮೀಟರ್ ಸುಮ್ಮನಿರುತ್ತದೆ. ಕಾರ್ಖಾನೆಯ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. 200-300 ಬಂದರೆ ಮತ್ತೊಮ್ಮೆ ಬಣ್ಣ ಬಿದ್ದಿದೆ. 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅಲ್ಲಿ ಮೀಟರ್ ಏನೂ ಹೇಳದು. ಬಂಪರಿಗೆ ಬಣ್ಣ ಹಚ್ಚಿಸುವುದು ದೊಡ್ಡ ಸಂಗತಿಯೂ ಅಲ್ಲ, ಇಷ್ಟು ತಗ್ಗಿನ ಕಾರಿಗೆ ಪಾರ್ಕಿಂಗಿನಲ್ಲೇ ಗೀರು ಬೀಳುತ್ತದೆ.

ಬಾಗಿಲ ವಿಚಾರ ಬೇರೆ. ಎಡ ಬಾಗಿಲಿನಲ್ಲಿ 250 ಬಂದು ಅದರ ಹಿಂದಿನ ಕಂಬ, ಕೆಳಗಿನ ಪಟ್ಟಿ, ಛಾವಣಿಯ ಅಂಚು 120ರಲ್ಲೇ ಇದ್ದರೆ ಪೆಟ್ಟು ಬಾಗಿಲಿಗೆ ಮಾತ್ರ ಬಿದ್ದಿದೆ. ಕಂಬದಲ್ಲೂ ಹೆಚ್ಚು ಬಂದರೆ ಗಾಡಿಯ ಹಂದರಕ್ಕೇ ಪೆಟ್ಟಾಗಿದೆ. ಅಲ್ಯೂಮಿನಿಯಂ ಹಂದರದ ದುರಸ್ತಿಗೆ ಬೇರೆಯೇ ಉಪಕರಣ, ತರಬೇತಿ ಬೇಕು, ಕಬ್ಬಿಣದ ತಗಡಿನಂತೆ ಎಳೆದು ನೆಟ್ಟಗೆ ಮಾಡಿದರೆ ಬಲ ಉಳಿಯುವುದಿಲ್ಲ. ಅಂಥ ಗಾಡಿಯನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ. ಬಾನೆಟ್ ಎತ್ತಿ ಕೀಲುಗಳ, ಫೆಂಡರುಗಳ ಬೋಲ್ಟ್ ತಲೆಗಳ ಮೇಲೆ ಪಾನಾ ಹಾಕಿದ ಗುರುತಿದೆಯೇ ನೋಡಿ. ಎರಡು ಹೆಡ್‌ಲೈಟುಗಳ ಮೇಲಿನ ತಯಾರಿ ದಿನಾಂಕಗಳು ಬೇರೆಬೇರೆ ಇದ್ದರೆ ಒಂದು ಬದಲಾಗಿದೆ.

ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮಳೆಯಲ್ಲಿ ದುಬಾರಿ ಕಾರುಗಳು ಬಡಾವಣೆಗಳಲ್ಲೇ ಮುಳುಗಿದ್ದವು. 2023ರ ಜುಲೈಯಲ್ಲಿ ದಿಲ್ಲಿಯಲ್ಲಿ ಯಮುನೆ ಉಕ್ಕಿತ್ತು. ಆದ್ದರಿಂದ ನೀರಿನ ಪರೀಕ್ಷೆ ಎರಡಕ್ಕೂ ಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಮುಂಭಾಗ ಶುಭ್ರವಾಗಿದ್ದು ಒಳಗೆ ಸುತ್ತಿಕೊಂಡ ಭಾಗದಲ್ಲಿ ಕಂದು ಗೆರೆ ಇದ್ದರೆ ನೀರು ಅಷ್ಟು ಎತ್ತರ ಬಂದಿತ್ತು. ಸೀಟಿನ ಕೆಳಗಿನ ವೈರ್ ಕನೆಕ್ಟರುಗಳನ್ನು ಬಿಚ್ಚಿಸಿ ಪಿನ್ನುಗಳ ಮೇಲೆ ಹಸಿರು ತುಕ್ಕು ಇದೆಯೇ ನೋಡಿ, ಕಾರ್ಪೆಟ್ ಕೆಳಗಿನ ಸ್ಪಂಜನ್ನು ಹಿಂಡಿ ನೋಡಿ, ಡಿಕ್ಕಿಯ ತಳವನ್ನೂ ತೆಗೆಸಿ. ಹೊಸಪೇಟೆ, ಸಂಡೂರು ಕಡೆ ಓಡಿದ ಗಾಡಿಗಳ ಸಂದುಗಳಲ್ಲೂ ಅದಿರಿನ ಕೆಂಪು ಧೂಳು ಸಿಗುತ್ತದೆ. ಅದನ್ನು ಪ್ರವಾಹದ ಕೆಸರೆಂದು ತಿಳಿದು ಒಳ್ಳೆಯ ಗಾಡಿ ಬಿಡಬೇಡಿ. ಧೂಳು ಮೇಲ್ಮುಖದ ಜಾಗಗಳಲ್ಲಿ ಸಡಿಲವಾಗಿ ಕೂತಿರುತ್ತದೆ, ಕೆಸರು ಮುಚ್ಚಿದ ಕನೆಕ್ಟರ್ ಒಳಗೂ ಹೊಕ್ಕು ಒಂದೇ ಮಟ್ಟಕ್ಕೆ ಗೆರೆ ಬಿಡುತ್ತದೆ.

ಮೀಟರ್ ಪ್ರಶ್ನೆಗೆ ಗಟ್ಟಿ ಉತ್ತರ ಸಿಗುವುದು ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರಿನಲ್ಲಿ. ಎಂಜಿನ್ ಒಂದನ್ನೇ ಅಲ್ಲ, ಗಿಯರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಸೇರಿ ಎಲ್ಲ ಮಾಡ್ಯೂಲುಗಳನ್ನೂ (ಒಂದೊಂದು ಭಾಗವನ್ನು ನಿಯಂತ್ರಿಸುವ ಚಿಕ್ಕ ಕಂಪ್ಯೂಟರುಗಳನ್ನು) ಓದಿಸಿ. ಆಡಿಯಲ್ಲಿ ದೋಷ ದಾಖಲಾಗುವಾಗ ಆ ಹೊತ್ತಿನ ಕಿ.ಮೀ. ಕೂಡ ಸೇರಿಕೊಳ್ಳುತ್ತದೆ. ಮೀಟರಿನಲ್ಲಿ 28,000 ಇದ್ದು ಹಳೆಯ ದೋಷವೊಂದು 61,000ದಲ್ಲಿ ದಾಖಲಾಗಿದ್ದರೆ ಮುಂದೆ ಮಾತೇ ಬೇಡ. ಎಲ್ಲ ಮಾಡ್ಯೂಲುಗಳೂ ಸಂಪೂರ್ಣ ಖಾಲಿಯಾಗಿದ್ದರೂ ಎಚ್ಚರ. ದೋಷಗಳನ್ನು ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಎಂಬುದನ್ನೂ ಸ್ಕ್ಯಾನರ್ ತೋರಿಸುತ್ತದೆ. ಅದು ಹತ್ತಿಪ್ಪತ್ತು ಕಿ.ಮೀ. ಮಾತ್ರ ಇದ್ದರೆ ನೀವು ಬರುತ್ತೀರೆಂದು ತಿಳಿದೇ ಅಳಿಸಿದ್ದಾರೆ. ವಾರ ಬಿಟ್ಟು, ಗಾಡಿ ಓಡಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಲು ಒಪ್ಪುತ್ತಾರೆಯೇ ಕೇಳಿ.

ಓಡಿಸುವಾಗ ಗಮನಿಸಬೇಕಾದದ್ದು ಗಿಯರ್‌ಬಾಕ್ಸ್. ಈ ಟಿಟಿಯದು ಆರು ಗಿಯರಿನ, ಆಯಿಲಿನಲ್ಲಿ ಮುಳುಗಿರುವ ಜೋಡಿ ಕ್ಲಚ್ಚಿನದು. 60,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಬೇಕು. ಬೆಂಗಳೂರಿನ ಗಾಡಿ ಆ ಹೊಸ್ತಿಲಿನಲ್ಲೇ ಇದೆ, ಚೌಕಾಸಿಯಲ್ಲಿ ಸೇರಿಸಿ. ಇಳಿಜಾರಿನಲ್ಲಿ ಹಿಂದಕ್ಕೆ ಏರಿಸುವಾಗ ನಡುಗುತ್ತದೆಯೇ, ಎರಡರಿಂದ ಒಂದಕ್ಕೆ ಇಳಿಯುವಾಗ ಗುದ್ದುತ್ತದೆಯೇ ನೋಡಿ. ಎಂಜಿನ್‌ನಲ್ಲಿ ಸಾಮಾನ್ಯ ಕಾಯಿಲೆ ಎಂದರೆ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಗೂಡು ಬಿರಿದು ಕೂಲೆಂಟ್ ಸೋರುವುದು. ಒಣಗಿದ ಗುಲಾಬಿ ಕಲೆ ಹುಡುಕಿಸಿ. ಅದು ಸೋರುತ್ತಿದ್ದರೆ ಮಾರುವವರು ಸುಳ್ಳುಗಾರರೆಂದಲ್ಲ, ದುರಸ್ತಿಯ ಅಂದಾಜು ಪಡೆದು ಬೆಲೆಯಲ್ಲಿ ಕಳೆಯಿರಿ.

ಹಣ ಮತ್ತು ಕಾಗದ

ಗಾಡಿ ಇಷ್ಟವಾದರೆ ಟೋಕನ್ ಕೊಡಬಹುದು, ಆದರೆ ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹೋಗಬೇಕು. ಅಣ್ಣನದೋ ಮ್ಯಾನೇಜರನದೋ ಯುಪಿಐ ಬೇಡ. ಚಾಸಿ ನಂಬರ್, ಮೀಟರ್ ಓದು, ತಪಾಸಣೆಯಲ್ಲಿ ಇಂತಿಂಥದ್ದು ಕಂಡರೆ ಟೋಕನ್ ವಾಪಸ್ ಎಂಬ ಷರತ್ತು, ಇವನ್ನು ಬರೆಸಿ ಸಹಿ ಮಾಡಿಸಿ. ಸಾಲ ಬಾಕಿ ಇದ್ದರೆ ಆ ಮೊತ್ತವನ್ನು ನೇರ ಬ್ಯಾಂಕಿಗೇ ಕಟ್ಟಿ, ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಪಡೆಯಿರಿ. ವರ್ಗಾವಣೆಗೆ ಫಾರಂ 29, 30. ಹೊರರಾಜ್ಯದ್ದಾದರೆ ಜೊತೆಗೆ ಫಾರಂ 28ರ ಎನ್‌ಒಸಿ. ಎರಡು ಲಕ್ಷವೋ ಅದಕ್ಕಿಂತ ಹೆಚ್ಚೋ ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿಷೇಧವಿದೆ, 'ಅರ್ಧ ಕ್ಯಾಶ್' ಮಾತಿಗೆ ಒಪ್ಪಬೇಡಿ.

ಸಹಿ ಹಾಕಿದ ಖಾಲಿ ಫಾರಂಗಳ ಮೇಲೆ ಕೈಯಿಂದ ಕೈಗೆ ದಾಟುತ್ತಾ ಬಂದ ಗಾಡಿಯಾದರೆ ನಿಜವಾದ ಮಾಲೀಕರೊಡನೆ ನೀವೇ ಮಾತಾಡಬೇಕು. ವರ್ಗಾವಣೆಯ ಒಟಿಪಿ ಬರುವುದು ಅವರ ಮೊಬೈಲಿಗೆ. ಮಾರುವವರು ವ್ಯಾಪಾರಿಯಾದರೆ, 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮವಿದೆ, ಅದನ್ನು ಕೇಳಿ. ವ್ಯಾಪಾರಿಯಿಂದ ಕೊಂಡದ್ದರಲ್ಲಿ ಮೋಸವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ದಿಲ್ಲಿಗೆ ಓಡಾಡಬೇಕಿಲ್ಲ. ಸ್ವಂತ ಗಾಡಿ ಮಾರುವ ಖಾಸಗಿ ವ್ಯಕ್ತಿಯಿಂದ ಕೊಂಡರೆ ಸಾಮಾನ್ಯವಾಗಿ ಸಿವಿಲ್ ದಾವೆ ಅಥವಾ ವಂಚನೆಯ ಪೊಲೀಸ್ ದೂರಷ್ಟೇ ದಾರಿ. ಆದ್ದರಿಂದ ಖಾಸಗಿಯವರಲ್ಲಿ ಬರಹದ ಒಪ್ಪಂದ ಇನ್ನೂ ಮುಖ್ಯ.

ನಿಮ್ಮ ಪ್ರಕರಣದಲ್ಲಿ ನನ್ನ ಅಭಿಪ್ರಾಯ ಇಷ್ಟು: ದಿಲ್ಲಿಯ ಗಾಡಿ ಬಿಡಿ. ಬೆಲೆಯ ಕಾರಣ ಸುಳ್ಳು, ಸರ್ವಿಸ್ಸಿನ ಉತ್ತರ ಯಾವ ಕಡೆಯಿಂದ ನೋಡಿದರೂ ನಷ್ಟದ್ದು, ಮೇಲೆ ಅವಸರ. ಬೆಂಗಳೂರಿನವರಿಂದ ನಾಳೆಯೇ ಪಾಲಿಸಿ ಪ್ರತಿ, ಬಾಡಿ ಶಾಪ್ ಬಿಲ್ಲು, ಆ ವಿಡಿಯೋ ಕೇಳಿ. ಬೇಸರಿಸದೆ ಕಳಿಸಿದರೆ ತಪಾಸಣೆಯ ದಿನ ಗೊತ್ತುಮಾಡಿ ಹೋಗಿ. ಎಡಗಡೆಯ ಕಂಬ ಸರಿ ಇದ್ದು ಸ್ಕ್ಯಾನರಿನ ಕಿ.ಮೀ. ಹೊಂದಿದರೆ 52,000 ಓಡಿದ ಆ ಗಾಡಿ ಕೊಳ್ಳಲು ಯೋಗ್ಯ.

ನಿಮ್ಮ ತಮ್ಮ ಕಳಿಸಿದ 5,000ವನ್ನು ವಾಪಸ್ ಕೇಳಿ ಇವತ್ತೇ ಮೆಸೇಜ್ ಹಾಕಿಸಿ, ಫೋನಿನಲ್ಲಿ ಮಾತ್ರ ಹೇಳಿ ಬಿಡಬೇಡಿ. ಮರುಪಾವತಿಗೆಂದು ಅವರು ಕ್ಯುಆರ್ ಕೋಡ್ ಕಳಿಸಿದರೆ ಅದನ್ನು ಸ್ಕ್ಯಾನ್ ಮಾಡಬಾರದು, ಪಿನ್ ಒತ್ತಬಾರದು. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಉತ್ತರ ಬರದಿದ್ದರೆ, ನಂಬರ್ ಬ್ಲಾಕ್ ಆಗಿದ್ದರೆ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಯುಪಿಐ ವ್ಯವಹಾರದ ಸಂಖ್ಯೆ ಕೊಡಿ. ಜಾಹೀರಾತಿನ, ಚಾಟ್‌ನ ಸ್ಕ್ರೀನ್‌ಶಾಟುಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ. ಜಾಹೀರಾತು ಅಳಿಸಿಹೋದ ಮೇಲೆ ಅವು ಸಿಗುವುದಿಲ್ಲ.